ರಾಜಾಸಾಬನ ಮೂರು ಕೂಗು

ಇದನ್ನು ನನಗೆ ಮೊದಲು ಹೇಳಿದವಳು ಹುಲಿಗವ್ವ. ಪಿಂಜಾರ ರಾಜಾಸಾಬನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಸೋಮವಾರದ ಉಪವಾಸ ಹಿಡಿದ ಬಾಯಿ ಅವಳದು, ಸುಳ್ಳಾಡುವುದಿಲ್ಲ.

ಮೂರು ರಂಜಾನಿನ ಹಿಂದಿನ ಮಾತು. ರಾಜಾಸಾಬನ ಮಗ ಅಕ್ಬರ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಚೀಲ ಹೊತ್ತು, ತಡರಾತ್ರಿ ಕ್ರಾಸಿನಲ್ಲಿ ಇಳಿದು, ಊರ ಸೇದುಬಾವಿ ಹಾದು ಮನೆಗೆ ಬರುತ್ತಿದ್ದ. ಕಣ್ಣಿಗೆ ಕೈ ಕಾಣದ ಕತ್ತಲು. ಬಾವಿಯ ಕಡೆಯಿಂದ ಸಪ್ಪಳ... ಖೊಳ್... ಖೊಳ್... ಅಕ್ಬರ ನಿಂತುಬಿಟ್ಟ. ಮೊಬೈಲಿನ ಬೆಳಕು ಹಾಕಿ ನೋಡಿದರೆ, ಅಪ್ಪ. ಕಟ್ಟೆಯ ಮೇಲೆ ಕೂತು ಕೆಮ್ಮುತ್ತಿದ್ದ.

"ಇನ್ನೂ ಮಲಗಿಲ್ಲೇನಪಾ?"

"ನಾ ಮಲಗಿದ್ರ ಸಹರಿ ಊಟಕ್ಕ ಊರು ಯಾರು ಎಬ್ಬಸ್ತಾರೊ? ನಿಮ್ಮ ಮಾವ ಬರ್ತಾನೇನು?"

"ಮಸೂತಿಗೆ ಮೈಕ್ ಐತಿ. ಎಲ್ಲಾರ ಕೈಯಾಗ ಮೊಬೈಲ್ ಐತಿ. ಸಾಕ್ ಮಾಡು."

"ಮೊಬೈಲು ಹೆಸರು ಹಿಡದು ಕರೀತೈತೇನು?"

ಐವತ್ತು ವರ್ಷ ಅರಳೆ ಹಿಂಜಿದ ಮನುಷ್ಯ. ಅವನ ಬಿಲ್ಲು ಠಂಯ್ ಠಂಯ್ ಅನ್ನದೆ ಊರಲ್ಲಿ ಒಂದೂ ಮದುವೆಯ ಗಾದಿ ತಯಾರಾಗಲಿಲ್ಲ. ಮೂವರು ಹೆಣ್ಣುಮಕ್ಕಳನ್ನು ಅದರಲ್ಲೇ ದಡ ಮುಟ್ಟಿಸಿದ. ಅರಳೆಯ ಧೂಳು ಮಾತ್ರ ಎದೆಯಲ್ಲಿ ಉಳಿಯಿತು. ರಂಜಾನ್ ಬಂತೆಂದರೆ ರಾತ್ರಿ ಮೂರಕ್ಕೆ, ತುದಿಗೆ ಕಬ್ಬಿಣ ಬಡಿಸಿದ ಬಡಿಗಿ ಊರುತ್ತ, ಟಕ್... ಟಕ್... ಬಾಗಿಲು ಬಾಗಿಲಿಗೆ ನಿಂತು, ಹೆಸರು ಹಿಡಿದು ಮೂರು ಸಲ ಕರೆಯುತ್ತಿದ್ದ. ಎಮ್ಮೆ ಹಿಂಡಲು ಏಳಬೇಕೆಂದು ಹುಲಿಗವ್ವನನ್ನೂ ಬಿಡುತ್ತಿರಲಿಲ್ಲ.

"ರೋಜಾ ನಿಂದು, ನಿದ್ದಿ ಹಾಳು ನಂದೇನೊ ಮುದುಕಾ?" ಎಂದು ಅವಳು ಒಳಗಿಂದಲೇ ಬೈಯುತ್ತಿದ್ದಳು.

ಮೂರೇ ಸಲ ಯಾಕೆ? ಮಕ್ಕಳಿಗೆ ಸಣ್ಣಂದಿನಿಂದ ಅವನೇ ಕಲಿಸಿದ್ದು: "ದೆವ್ವ ಒಮ್ಮೆ ಕರೀತೈತಿ. ಮನಶ್ಯಾ ಮೂರು ಸಲ ಕರೀತಾನ. ಒಂದ ಕೂಗಿಗೆ ಓ ಅನಬ್ಯಾಡ್ರಿ, ಬಾಗಿಲಾ ತೆಗೀಬ್ಯಾಡ್ರಿ."

ಆ ರಾತ್ರಿ ಅಪ್ಪನನ್ನು ಕಟ್ಟೆಯ ಮೇಲೇ ಬಿಟ್ಟು ಬಂದು ಮಲಗಿದ್ದ ಅಕ್ಬರನಿಗೆ ಫಕ್ಕನೆ ಎಚ್ಚರವಾಯಿತು. ಬಾವಿಯ ಕಡೆ ಕಲ್ಲಿನ ಮೇಲೆ ಕಬ್ಬಿಣ ಬಿದ್ದಂತೆ, ಠಣ್... ಆಮೇಲೆ,

"ಅಕ್ಬರಾ..."

"ಮಾವನ ದನಿ ಅದು, ನೋಡ್ರಿ," ಅಂದಳು ಹೆಂಡತಿ ಮೆಹರಾಜ, ಪಿಸುದನಿಯಲ್ಲಿ.

"ತಡಿ. ಅದಕ್ಕ ಎಲ್ಲಾರ ದನಿ ಬರ್ತೈತಿ. ಇನ್ನೂ ಒಂದ ಸಲ ಆಗೇತಿ."

ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಎರಡನೆಯ ಕೂಗು ಬರಲಿಲ್ಲ... ಮೂರನೆಯದೂ ಬರಲಿಲ್ಲ. ಮೆಹರಾಜಳ ಕೈ ಚಿಲಕದ ಮೇಲಿತ್ತು. ಅಕ್ಬರನೇ ಅದನ್ನು ಸರಿಸಿದ.

"ನೋಡಿದೇನು? ಅಪ್ಪ ಅಲ್ಲ ಅದು."

ಸಹರಿಗೆ ಮೈಕ್ ಕೂಗಿದ ಮೇಲೆ ಎದ್ದರು. ಅಪ್ಪ ಊರು ಸುತ್ತುತ್ತಿದ್ದಾನೆ ಎಂದುಕೊಂಡು ರೊಟ್ಟಿ ಉಂಡು, ಅವನ ಪಾಲಿನ ಎರಡು ರೊಟ್ಟಿ ಮುಚ್ಚಿಟ್ಟರು. ಬೆಳಗಿನ ನಮಾಜಿಗೆ ಹೊರಟವರು ಬಾವಿಕಟ್ಟೆಯ ಕೆಳಗೆ ರಾಜಾಸಾಬನನ್ನು ಕಂಡರು. ಎರಡನೆಯ ಕೂಗಿಗೆ ಎದೆಯಲ್ಲಿ ಗಾಳಿ ಸಾಲದೆ ಹೋಗಿತ್ತು. ಮೈ ಇನ್ನೂ ಬೆಚ್ಚಗಿತ್ತು.

ಮಣ್ಣು ಕೊಟ್ಟರು. ವರ್ಷ ಕಳೆಯಿತು.

ಮರುವರ್ಷದ ರಂಜಾನಿನ ಮೊದಲ ರಾತ್ರಿ. ಅಕ್ಬರ ಹೊಸ್ತಿಲಲ್ಲೇ ಕೂತಿದ್ದ. ಅಪ್ಪನ ಬಡಿಗಿ ಒಳಗೆ ಮೂಲೆಯಲ್ಲಿತ್ತು. ಹೊರಗೆ ಮಾತ್ರ... ಟಕ್... ಟಕ್... ಟಕ್...

"ಅಕ್ಬರಾ..."

"ಓ! ಓ ಅಪ್ಪಾ! ಬಂದ್ಯಾ!" ಬರಿಗಾಲಲ್ಲಿ ಬಾವಿಗೆ ಓಡಿದ. ಯಾರೂ ಇಲ್ಲ. ಈಗ ಮನೆಯ ಕಡೆಯಿಂದ,

"ಅಕ್ಬರಾ..."

"ಇಲ್ಲೇ ಅದೀನಪಾ! ಇಲ್ಲೇ ಅದೀನಿ!" ತಿರುಗಿ ಓಡಿದ. ಹೊಸ್ತಿಲಲ್ಲೂ ಯಾರೂ ಇಲ್ಲ.

ಗೋಡೆಯಾಚೆ ಹುಲಿಗವ್ವ ಎದ್ದು ಕೂತು ಎಣಿಸಿದಳು. ಎರಡು. ಮೂರನೆಯದು ಬರಲಿಲ್ಲ. ಮೂವತ್ತು ರಾತ್ರಿಯೂ ಎರಡೇ. ಒಂದನ್ನು ಅವನು ಮೊದಲೇ ಕೂಗಿ ಹೋಗಿದ್ದನಲ್ಲ.

ಈಗ ಅಕ್ಬರನನ್ನು ಯಾರು ಒಮ್ಮೆ ಕರೆದರೂ ಎದ್ದು ಬರುತ್ತಾನೆ. ಚೇಷ್ಟೆಗೆ ಕರೆದರೂ ಬರುತ್ತಾನೆ. ಬಂದು, ಕರೆದವರ ಮುಖ ನೋಡಿ, ಒಳಗೆ ಹೋಗುತ್ತಾನೆ.

ಕಟ್ಟುಕತೆ ಅನ್ನುವವರು ರಂಜಾನಿನಲ್ಲಿ ಬಂದು ಹುಲಿಗವ್ವನ ಪಡಸಾಲೆಯಲ್ಲಿ ಒಂದು ರಾತ್ರಿ ಮಲಗಲಿ. ದೇವರ ಮೇಲೆ ಆಣೆ, ಈ ವರ್ಷ ನಾನು ಮಲಗಿ ಬಂದಿದ್ದೇನೆ. ಎರಡೇ.

ಮುದುಕರಿರುವ ಮನೆಗಳಿಗೆ ಈ ಮಾತು ಮುಟ್ಟಿಸಿರಿ.