ಕಣ್ಣು ಮುಚ್ಚಿ ಬೈಯುತ್ತಿದ್ದ ಹಿರಿಯ

ಹನ್ನೆರಡು ಮಗ್ಗಗಳ ಒಡೆಯನೊಬ್ಬ ಒಂದೂರಿನಲ್ಲಿದ್ದ. ಯಾವ ಊರು, ಏನು ಹೆಸರು ಎಂದು ಕೇಳಬೇಡಿ. ಹೆಸರು ಹೇಳಿದರೆ ನೀವೆಲ್ಲ ಪಕ್ಕದ ಬೆಂಚಿನವರ ಮುಖ ನೋಡುತ್ತೀರಿ, ನನ್ನ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಸ್ಥಿತಿವಂತ, ಸಭೆಯ ಹಿರಿಯ, ಕರ್ತನ ಭೋಜನದ ದಿನ ದ್ರಾಕ್ಷಾರಸದ ಪಾತ್ರೆ ಹಿಡಿದು ಪಾದ್ರಿಯವರ ಪಕ್ಕ ನಿಲ್ಲುವವನು. ಇಷ್ಟು ಸಾಕು. ಮನೆಯಲ್ಲಿ ನಾಲ್ಕೇ ಜನ: ಅವನು, ಹೆಂಡತಿ, ಮಗ, ಸೊಸೆ.

ಆ ಮನೆಯಲ್ಲಿ ಏರುದನಿ ಎಂಬುದೇ ಇರಲಿಲ್ಲ. ಅದು ಹಿರಿಯನ ಹೆಮ್ಮೆ. ಅವನ ತಂದೆ ಬಾಯಿ ತೆರೆದರೆ ಓಣಿಯ ಕೊನೆಯವರೆಗೆ ಕೇಳಿಸುತ್ತಿತ್ತಂತೆ. ತಾಯಿ ಬೈಸಿಕೊಂಡು ಬಾವಿಯ ಹತ್ತಿರ ಹೋಗಿ ನಿಲ್ಲುತ್ತಿದ್ದುದನ್ನು ಹುಡುಗನಾಗಿದ್ದಾಗ ಇವನು ಕಂಡಿದ್ದ. ತನ್ನ ಮನೆಯಲ್ಲಿ ಯಾರನ್ನೂ ಬೈಯುವುದಿಲ್ಲ ಎಂದು ಆವತ್ತೇ ನಿಶ್ಚಯಿಸಿದ. ಆ ಮಾತನ್ನು ಉಳಿಸಿಕೊಂಡ. ಉಳಿಸಿಕೊಂಡೆ ಎಂದೇ ಅವನು ನಂಬಿದ್ದ.

ಹಾಗಾದರೆ ಮನಸ್ಸಿನ ಸಿಟ್ಟೆಲ್ಲ ಎಲ್ಲಿಗೆ ಹೋಗುತ್ತಿತ್ತು? ನೋಡಿ, ಅದಕ್ಕೊಂದು ದಾರಿ ಇತ್ತು.

ಸಂಜೆ ಏಳಕ್ಕೆ ಮನೆಪ್ರಾರ್ಥನೆ. ಚಾಪೆ ಹಾಸುವುದು, ಒಂದು ಕೀರ್ತನೆ, ಬೈಬಲಿನ ಒಂದು ಅಧ್ಯಾಯ. ಆಮೇಲೆ ಹಿರಿಯ ಕಣ್ಣು ಮುಚ್ಚಿ ಕೈ ಜೋಡಿಸುವನು. "ಪರಲೋಕದಲ್ಲಿರುವ ತಂದೆಯೇ, ಮಧ್ಯಾಹ್ನದ ರೊಟ್ಟಿಯು ತಣ್ಣಗಾಗಿತ್ತೆಂದು ನೀನು ಬಲ್ಲೆ. ಉದಾಸೀನದ ಆತ್ಮವನ್ನು ಈ ಮನೆಯ ಸ್ತ್ರೀಯರಿಂದ ತೊಲಗಿಸು. ಕರ್ತನೇ, ಗಿರಾಕಿಯು ಬಾಗಿಲಲ್ಲಿ ನಿಂತಿರುವಾಗ ಗೆಳೆಯರ ಸಂಗಡ ಚಹಾ ಕುಡಿಯುವ ಯೌವನಸ್ಥನಿಗೆ ಜ್ಞಾನವನ್ನು ದಯಪಾಲಿಸು."

ಆ ಮನೆಯಲ್ಲಿದ್ದ ಯೌವನಸ್ಥ ಒಬ್ಬನೇ. ಮಗ ತಲೆ ತಗ್ಗಿಸುತ್ತಿದ್ದ.

ಮುಖಕ್ಕೆ ಮುಖ ಕೊಟ್ಟು ಬೈದರೆ ತಿರುಗಿ ಒಂದು ಮಾತು ಹೇಳಬಹುದು. "ಹಿಟ್ಟು ಬೀಸಿಕೊಂಡು ಬರೂದು ತಡಾ ಆತ್ರಿ" ಎನ್ನಬಹುದು. ಪ್ರಾರ್ಥನೆಗೆ ಯಾರು ಎದುರಾಡುತ್ತಾರೆ? ದೇವರ ಸಂಗಡ ಮಾತಾಡುವವನನ್ನು ನಡುವೆ ತಡೆಯುವವರು ಯಾರು? ಅರ್ಧ ತಾಸು ಕೇಳಬೇಕು. ಕೇಳಿದ ಮೇಲೆ ಎಲ್ಲರೂ ಸೇರಿ ಆಮೆನ್ ಎನ್ನಬೇಕು. ಯೋಚಿಸಿ: ತಮಗೆ ಬಿದ್ದ ಬೈಗುಳಕ್ಕೆ ತಾವೇ ಆಮೆನ್ ಎನ್ನಬೇಕು.

ಹೀಗೇ ವರ್ಷಗಳು ಕಳೆದವು. ಸೊಸೆ ಬಂದು ನಾಲ್ಕು ವರ್ಷವಾಗಿತ್ತು, ಮಡಿಲು ತುಂಬಿರಲಿಲ್ಲ. ಒಂದು ಸಂಜೆ ಹಿರಿಯನ ದನಿ ಎಂದಿಗಿಂತ ಮೆತ್ತಗಾಯಿತು. "ತಂದೆಯೇ, ಈ ಮನೆಯಲ್ಲಿ ತೊಟ್ಟಿಲು ತೂಗದೆ ಇರುವುದಕ್ಕೆ ಕಾರಣವು ನಿನಗೆ ಗೊತ್ತು. ಮುಚ್ಚಿಟ್ಟ ಪಾಪವೊಂದು ಇವಳಲ್ಲಿ ಇದ್ದರೆ ಅದನ್ನು ಹೊರಗೆ ತಾ. ಈ ನಿನ್ನ ದಾಸಿಯನ್ನು ಕ್ಷಮಿಸು. ಆಮೆನ್."

ಹೆಂಡತಿ ಆಮೆನ್ ಅಂದಳು. ಮಗನೂ ಅಂದ, ರೂಢಿಯಿಂದ. ಸೊಸೆ ಅನ್ನಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋದಳು.

ಮರುದಿನ ಚಾಪೆಯ ಮೇಲೆ ಅವಳ ಜಾಗ ಖಾಲಿ. ಅದರ ಮರುದಿನವೂ ಖಾಲಿ. ಹಿರಿಯ ಅಡುಗೆಮನೆಗೆ ಕೇಳಿಸುವ ಹಾಗೆ ದನಿ ತೆಗೆದ: "ಕರ್ತನೇ, ನಿನ್ನ ಸನ್ನಿಧಿಯನ್ನು ಬಿಟ್ಟು ಒಲೆಯ ಸನ್ನಿಧಿಯಲ್ಲಿ ಕೂತವಳನ್ನು ತಿರುಗಿಸು!" ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಇನ್ನಷ್ಟು ಜೋರಾಯಿತು. ಮಗ ನಕ್ಕುಬಿಟ್ಟ, ಆಮೇಲೆ ಕೆಮ್ಮಿದ ಹಾಗೆ ಮಾಡಿದ.

ಐತವಾರ ಕರ್ತನ ಭೋಜನವಿತ್ತು. ಅದಕ್ಕೂ ಬರುವುದಿಲ್ಲ ಎಂದು ಅವಳು ಅತ್ತೆಗೆ ಹೇಳಿಬಿಟ್ಟಳು. ಈಗ ಹಿರಿಯನಿಗೆ ನಿಜವಾಗಿ ಭಯವಾಯಿತು. ಮೊದಲು ಜನ ಏನಂದಾರು ಎಂಬ ಭಯ, ಸುಳ್ಳೇಕೆ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಆ ಹುಡುಗಿ ಮದುವೆಯಾಗಿ ಬಂದ ಹೊಸತರಲ್ಲಿ ಬಟ್ಟೆ ಒಗೆಯುವಾಗಲೂ ಕೀರ್ತನೆ ಗುನುಗುತ್ತಿದ್ದಳು. ಅದು ನಿಂತು ಎಷ್ಟು ದಿನವಾಯಿತು? ಅವನಿಗೆ ಲೆಕ್ಕ ಸಿಗಲಿಲ್ಲ.

ಹೆಂಡತಿಯನ್ನು ಕರೆದ. "ನೀನರೆ ಆಕಿಗೆ ಬುದ್ಧಿ ಹೇಳು."

"ನಾ ಏನ್ ಹೇಳ್ಲಿ? ಬುದ್ಧಿ ಹೇಳಾವ್ರು ಈ ಮನ್ಯಾಗ ಒಬ್ರು ಸಾಕು."

"ಪ್ರಾರ್ಥನಿ ಬಿಟ್ರ ಮನಿ ಉಳೀತೈತೇನು?"

"ನಾ ಮೂವತ್ತೆರಡು ವರ್ಷ ಆತು, ನಿಮ್ಮ ಪ್ರಾರ್ಥನಿಯೊಳಗ ಕಣ್ಣು ಮುಚ್ಚಿಲ್ಲ. ನಿಮಗ ಗೊತ್ತೈತೇನು?"

ಅವನು ಅವಳನ್ನೇ ನೋಡಿದ. "ಮತ್ತೇನ್ ಮಾಡ್ತಿದ್ದಿ?"

"ನಿಮ್ಮ ಮಾರಿ ನೋಡ್ಕೋತ ಕುಂದ್ರತಿದ್ದೆ, ಇವತ್ತ ಯಾರ ಪಾಳಿ ಅಂತ. ಹುಬ್ಬು ಮ್ಯಾಲೆ ಹೋದ್ರ ನಂದು. ಮೂಗು ಅರಳಿದ್ರ ಮಗಂದು. ಆ ಹುಡುಗಿದು ಬಂದಾಗ ಮಾತ್ರ ನಿಮ್ಮ ದನಿ ಬೆಣ್ಣಿ ಆಗ್ತೈತಿ. ಅದಕ್ಕ ಅದು ಹೆಚ್ಚು ಕೊಯ್ತೈತಿ."

"ನಾ ಒಂದ ದಿನಾನೂ ನಿಮಗ ಬೈದಿಲ್ಲ!"

"ಹೌದ್ರಿ," ಅಂದಳು ಹೆಂಡತಿ, "ಬೈದಿಲ್ಲ. ದೇವರ ಕಡಿಂದ ಬೈಸೀರಿ."

ಇಷ್ಟು ಹೇಳಿ ಅವಳು ಅಕ್ಕಿ ಆರಿಸಲು ಕೂತಳು. ಹಿರಿಯ ಪಡಸಾಲೆಗೆ ಬಂದು, ಮೂಲೆಯಲ್ಲಿ ಸುತ್ತಿಟ್ಟ ಚಾಪೆಯನ್ನು ನೋಡಿದ. ತಂದೆಯ ದನಿ ತನ್ನಲ್ಲಿಲ್ಲ ಎಂದುಕೊಂಡಿದ್ದ. ಅದು ಇಷ್ಟು ದಿನ ಚಾಪೆಯ ಮೇಲೆ ಕೂತು, ಪುಸ್ತಕದ ಕನ್ನಡ ಉಟ್ಟುಕೊಂಡು ಮಾತಾಡುತ್ತಿತ್ತು.

ಶನಿವಾರ ಮಧ್ಯಾಹ್ನ ಅವನು ಅಡುಗೆಮನೆಯ ಬಾಗಿಲಿಗೆ ಹೋದ. ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಒಬ್ಬ ಮನುಷ್ಯನ ಹತ್ತಿರ ಹೋಗಿ ತಪ್ಪಾಯಿತು ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಅಭ್ಯಾಸ ನೋಡಿ, ಕಣ್ಣು ತಾವಾಗಿಯೇ ಮುಚ್ಚಿದವು, ಕೈ ತಾವಾಗಿಯೇ ಜೋಡಿಸಿಕೊಂಡವು. "ಕರ್ತನೇ, ಈ ನಿನ್ನ ಮಗಳು..."

"ಮಾವಾರ," ಅಂದಳು ಅವಳು, "ಕಣ್ಣು ತೆರೀರಿ. ಇಲ್ಲಿ ರೊಟ್ಟಿ ಬಡಿಯಾಕಿ ನಾನು. ನನಗ ಹೇಳ್ರಿ."

ಅವನು ಕಣ್ಣು ತೆರೆದ. ಹಿಟ್ಟು ಹತ್ತಿದ ಕೈ, ಒಲೆಯ ಕಾವಿಗೆ ಕೆಂಪಾದ ಮುಖ. ನಾಲ್ಕು ವರ್ಷದಲ್ಲಿ ಅವಳ ಮುಖವನ್ನು ಇಷ್ಟು ನೇರ ನೋಡಿದ್ದು ಅದೇ ಮೊದಲು.

"ತಪ್ಪಾತವ್ವ."

"ಯಾವುದು?"

ಗಮನಿಸಿ. ಇಷ್ಟು ವರ್ಷ ದೇವರ ಮುಂದೆ ಪಾಪಿ, ಪಾಪಿ ಎಂದು ಹೇಳಿಕೊಂಡವನಿಗೆ "ಯಾವುದು" ಎಂದು ಯಾರೂ ಕೇಳಿರಲಿಲ್ಲ.

"ನಿನ್ನ ಒಡಲಿನ ಸುದ್ದಿ ಎಲ್ಲಾರ ಮುಂದ ಎತ್ತಿದ್ದು. ಪಾಪ ಅಂದಿದ್ದು. ನನಗ ಮೊಮ್ಮಕ್ಕಳು ಬೇಕಾಗಿತ್ತವ್ವ, ಆ ಸಿಟ್ಟು. ಅದನ್ನ ಪ್ರಾರ್ಥನಿ ಅಂದೆ."

ಸೊಸೆ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ನಾನೂ ದಿನಾ ಬೇಡ್ಕೋತಿದ್ದೆ ಮಾವಾರ. ನಿಮಗಿಂತ ಹೆಚ್ಚು. ಆವತ್ತಿಂದ ಬೇಡಾಕ ಬರವಲ್ದು. ಕಣ್ಣು ಮುಚ್ಚಿದ್ರ ನಿಮ್ಮ ದನೀನ ಕೇಳ್ತೈತಿ. ದೇವರಂದ್ರ ನಿಮ್ಮ ಕಡೆಯಾಂವ ಅನಸ್ತೈತಿ. ನಿಮ್ಮ ಮಗನೂ ಆಮೆನ್ ಅಂದ್ರು. ನಾ ಯಾರ ಹತ್ರ ಹೋಗ್ಲಿ?"

ಅವನು ಹೊಸ್ತಿಲ ಮೇಲೆ ಕೂತುಬಿಟ್ಟ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಹೇಳು ಎಂದು ಅವನೂ ಕೇಳಲಿಲ್ಲ. "ಹಂಗಾರ ನಾ ಸುಮ್ಮನಿರ್ತೀನವ್ವ," ಅಂದ. ಅಷ್ಟೇ.

ಐತವಾರ ಸೊಸೆ ಮನೆಯಲ್ಲೇ ಉಳಿದಳು. ಹಿರಿಯ ಆರಾಧನೆಗೆ ಹೋದ. ಆದರೆ ಪಾತ್ರೆ ಹಿಡಿಯಲು ಎದ್ದು ಹೋಗಲಿಲ್ಲ, ಭೋಜನಕ್ಕೂ ಎದ್ದು ಹೋಗಲಿಲ್ಲ. ಬೆಂಚಿನ ಮೇಲೆ ಕೂತೇ ಇದ್ದ. ಜನ ಕತ್ತು ತಿರುಗಿಸಿ ನೋಡಿದರು. ಹೊರಗೆ ಬಂದಾಗ ಇನ್ನೊಬ್ಬ ಹಿರಿಯರು ಕೇಳಿಯೇಬಿಟ್ಟರು: "ಏನಾತ್ರೀ, ಮೈಯಾಗ ಹುಷಾರಿಲ್ಲೇನು?"

"ಹುಷಾರದೀನ್ರಿ. ಮನ್ಯಾಗ ಒಂದು ಕೆಲಸ ಮುಗದಿಲ್ಲ."

ಮಗ ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡ. ಮನೆಗೆ ಹೋಗಿ ತನ್ನ ಹೆಂಡತಿಗೆ ಹಾಗೆಯೇ ಹೇಳಿದ. ಹೇಳಿ, ತನ್ನ ಪಾಲಿನದನ್ನೂ ಹೇಳಿದ: "ಕಿವಿಗೊಡದೇ ಆಮೆನ್ ಅಂದೆ. ನಂದೂ ತಪ್ಪು."

ಅಂದಿನಿಂದ ಏಳು ಗಂಟೆಗೆ ಚಾಪೆ ಹಾಸುತ್ತಿದ್ದವನು ಹಿರಿಯನೇ, ಆದರೆ ಬಾಯಿ ಬಿಡುತ್ತಿರಲಿಲ್ಲ. ಅವನ ಹೆಂಡತಿ ಪ್ರಾರ್ಥಿಸುತ್ತಿದ್ದಳು: "ದೇವರ, ಇವತ್ತ ಎಲ್ಲಾರೂ ಉಂಡ್ವಿ. ಉಪಕಾರ ಆತು." ಅಷ್ಟಕ್ಕೇ ಮುಗಿಯುತ್ತಿತ್ತು. ರೊಟ್ಟಿ ತಣ್ಣಗಿದ್ದರೆ ಹಿರಿಯ ಅಡುಗೆಮನೆಗೆ ಹೋಗಿ, "ಯವ್ವಾ, ರೊಟ್ಟಿ ತಣ್ಣಗೈತಿ" ಅನ್ನುತ್ತಿದ್ದ. "ಹನ್ನೆರಡಕ್ಕ ಕರದ್ರ ಎರಡಕ್ಕ ಬರ್ತೀರಿ, ಏನ್ ಅದನ್ನ ಬಗಲಾಗ ಇಟ್ಕೊಂಡು ಕುಂದರ್ಲೇನು?" ಎಂದು ಉತ್ತರ ಬರುತ್ತಿತ್ತು. ಏರುದನಿಯೇ. ಅವನಿಗೆ ಅದು ಅಷ್ಟು ಕೆಟ್ಟದೆನಿಸಲಿಲ್ಲ.

ಏಳನೆಯ ವಾರವೋ ಎಂಟನೆಯ ವಾರವೋ, ಒಂದು ಸಂಜೆ ಸೊಸೆ ಕೈ ಒರೆಸಿಕೊಂಡು ಬಂದು ಕೂತಳು. ಯಾರೂ ತಿರುಗಿ ನೋಡಲಿಲ್ಲ. ಅತ್ತೆಯ ಪ್ರಾರ್ಥನೆ ಮುಗಿಯಿತು. ಆಮೇಲೆ ಸೊಸೆ, "ದೇವರೇ, ನಾ ಬಂದೀನಿ" ಅಂದಳು. ಬೇರೆ ಏನೂ ಹೇಳಲಿಲ್ಲ. ಹಿರಿಯ ಮುಖ ಮುಚ್ಚಿಕೊಂಡು ಅತ್ತ.

ಮಗು ಹುಟ್ಟಿತೇ ಎಂದು ನೀವು ಕೇಳುತ್ತೀರಿ. ಅಜ್ಜಿಯರ ಕಥೆಯಾದರೆ ತೊಟ್ಟಿಲು ಕಟ್ಟಿಯೇ ಮುಗಿಸುತ್ತಾರೆ. ನನಗೆ ಗೊತ್ತಿಲ್ಲ. ಆ ಮನೆಯಲ್ಲಿ ದೇವರನ್ನು ಕಳೆದುಕೊಂಡಿದ್ದವಳಿಗೆ ದೇವರು ಮತ್ತೆ ಸಿಕ್ಕಿದನು, ಅಷ್ಟು ಗೊತ್ತು.

ಈಗ ನಮ್ಮ ಮನೆಗೆ ಬರೋಣ. ಹಿರಿಯ ಯಾರು? ಗಂಡಸರು ಮಾತ್ರ ತಲೆ ತಗ್ಗಿಸಬೇಕಿಲ್ಲ. ಅತ್ತೆಗೆ ನಾಟಲಿ ಎಂದು ಮೊಬೈಲ್ ಸ್ಟೇಟಸ್‌ಗೆ ಬೈಬಲ್ ವಚನ ಹಾಕುವ ಸೊಸೆಯಂದಿರು ಇಲ್ಲವೇ? "ತಂದೆತಾಯಿಯನ್ನು ಸನ್ಮಾನಿಸಿ ಅಂತ ಬರೆದೈತಿ" ಎಂದು ಮಗಳ ಬಾಯಿ ಮುಚ್ಚಿಸುವ ತಾಯಂದಿರು ಇಲ್ಲವೇ? ಹೆಂಡತಿಗೆ ಹೇಳಲಾಗದ್ದನ್ನು ಪಾದ್ರಿಯವರ ಕಿವಿಗೆ ಹಾಕಿ, "ಪ್ರಸಂಗದಾಗ ಒಂದು ಮಾತು ಸೇರಿಸ್ರಿ" ಎನ್ನುವವರು ಇಲ್ಲವೇ? ಕಾಣಿಕೆ ಹಿಡಿದು ಬಂದವನಿಗೆ ನಮ್ಮ ಕರ್ತನು ಮೊದಲು ಎಲ್ಲಿಗೆ ಹೋಗಿ ಬಾ ಅಂದನೆಂಬುದು ನಿಮಗೆಲ್ಲ ಗೊತ್ತು. ಕಾಣಿಕೆಯ ಪೀಠಕ್ಕೆ ಅಲ್ಲ, ಮುನಿದ ಸಹೋದರನ ಹತ್ತಿರ, ಮೊದಲು ಅವನ ಸಂಗಡ ಸಮಾಧಾನವಾಗಲಿಕ್ಕೆ.

ಆದ್ದರಿಂದ ಇಂದು ಸಂಜೆ ಚಾಪೆ ಹಾಸುವ ಮೊದಲು ಇಷ್ಟು ಮಾಡಿ. ಮನೆಯಲ್ಲಿ ಯಾರ ಮೇಲೆ ಸಿಟ್ಟಿದೆಯೋ ಅವರ ಹತ್ತಿರ ನಡೆದು ಹೋಗಿ. ದೇವರ ಹೆಸರು ಎತ್ತದೆ, ನಿಮ್ಮ ಮಾತಿನಲ್ಲೇ ಹೇಳಿ. ಹೇಳಿ ತಿರುಗಿ ಬರಬೇಡಿ. ಅವರು ಹೇಳುವುದನ್ನೂ ನಿಂತು ಕೇಳಿ. ತಪ್ಪಾಗಿದ್ದರೆ ಯಾವ ತಪ್ಪು ಎಂದು ಬಾಯಿಬಿಟ್ಟು ಹೇಳಿ. ಅವರು ಕೂಡಲೇ ಕ್ಷಮಿಸದಿದ್ದರೆ ಕಾಯಿರಿ, ಅವಸರ ಮಾಡಬೇಡಿ. ಆಮೇಲೆ ಪ್ರಾರ್ಥನೆಗೆ ಕೂತಾಗ ಹೇಳಲು ಬಹಳವೇನೂ ಉಳಿದಿರುವುದಿಲ್ಲ. ಹೆದರಬೇಡಿ. ನಿಜವಾಗಿ ದೇವರಿಗೆ ಹೇಳಬೇಕಾಗಿದ್ದದ್ದು ಅಷ್ಟೇ.

ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಪ್ರಸಂಗ ಚೆನ್ನಾಗಿತ್ತು ಎಂದು ನನಗೆ ಹೇಳಬೇಡಿ. ನಾನು ಈ ಕಥೆ ಹೇಳುವಾಗ ನಿಮಗೆ ಒಂದು ಮುಖ ನೆನಪಾಗಿದೆ. ಅವರು ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದಾರೆ. ಹೋಗಿ.