ಬೆಳ್ಳಗಾದ ಹವಳ

ಕಾಪುವಿಗೆ ಹೊರಟ ಬಸ್ಸಿನಲ್ಲಿ ಕುಶಲಾ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿ ಕುಳಿತಿದ್ದಳು. ಮುಂದಿನ ಸೀಟಿನಲ್ಲಿ ದೋಣಿಯ ದೇವದಾಸಣ್ಣ, ಅವರ ಪಕ್ಕದಲ್ಲಿ ಪ್ರವಾಸಿಗರನ್ನು ಕಡಲೊಳಗೆ ಇಳಿಸಿ ಹವಳ ತೋರಿಸುವ ಡೀನ್.

“ಅಷ್ಟು ಬೆಳ್ಳಗಾಗಿದ್ದರೆ ಹವಳ ಸತ್ತ ಹಾಗೆಯೇ ಅಲ್ವಾ ಮಾರಾಯ?”

“ಇಲ್ಲ ದೇವದಾಸಣ್ಣ, ಜೀವ ಉಂಟು. ಉಪವಾಸ ಬಿದ್ದಿದೆ.”

“ಕಡಲಿನಲ್ಲಿ ಎಂತ ಉಪವಾಸ?”

“ಅದರ ಮೈಯೊಳಗಿನ ಪಾಚಿಯೇ ಅದಕ್ಕೆ ಅಡುಗೆ ಮಾಡಿ ಬಡಿಸುವುದು. ಬಣ್ಣವೂ ಪಾಚಿಯದ್ದೇ. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನೇ ಹೊರಗೆ ಹಾಕ್ತದೆ.”

“ಮತ್ತೆ ಉಣ್ಣುವುದೆಂತ?”

“ಅದೇ. ಬಿಸಿಗೆ ಹಸಿವು ಹೆಚ್ಚು, ಬಡಿಸುವವರಿಲ್ಲ. ನೀರು ಬೇಗ ತಣಿಯದಿದ್ದರೆ ಸಾಯ್ತದೆ.”

ಕುಶಲಾ ಕಣ್ಣು ತೆರೆದಳು.

“ಮೊನ್ನೆ ನೋಡಲು ಬಂದವರು ಎಂತ ಹೇಳಿದರು?” ದೇವದಾಸಣ್ಣ ಕೇಳಿದರು.

“ಬೆಳ್ಳಗೆ ಎಷ್ಟು ಚಂದ ಅಂದರು.”

“ನೀನು ವಿಷಯ ಹೇಳಲಿಲ್ವಾ?”

ಕಾಪು ಬಂತು. ಮುಂದಿನ ಸೀಟಿನ ಇಬ್ಬರೂ ಎದ್ದರು. ಡೀನ್ ಚೀಲವನ್ನು ಹೆಗಲಿಗೇರಿಸಿಕೊಂಡ.

“ಅದರ ಎದುರೇ ಎಲ್ಲರದ್ದೂ ಫೋಟೋ ತೆಗೆದುಕೊಟ್ಟೆ,” ಎನ್ನುತ್ತ ಇಳಿದುಹೋದ.