ಹಾರ ಹಾಕ್ಲಿಕ್ಕೆ ಒಂದು ಫೋಟೋ

...ಅಲ್ಲ ಮಕ್ಳೇ, ಅಜ್ಜನ ಫೋಟೋಕ್ಕೆ ಹಾರ ಹಾಕಿದ್ದು ಮನೆಯಲ್ಲಲ್ಲ, ಸ್ಟೇಜ್ ಮೇಲೆ, ಊರಿನವರೆಲ್ಲ ನೋಡುವಾಗ! ನಗ್ಬೇಡಿ. ಅಜ್ಜ ಹೋಗಿ ವರ್ಷ ಆಗಿತ್ತು. ಊರಲ್ಲಿ ಹದಿಮೂರನೇ ದಿನದ್ದು ಮುಗಿಸಿ ಮರುದಿನವೇ ನಿಮ್ಮ ಅಮ್ಮನನ್ನು ಎಳ್ಕೊಂಡು ವಾಪಸ್ ಕುವೈತಿಗೆ ಬಂದವಳು ನಾನು. ಮತ್ತೆಂತ ಮಾಡೋದು? ಕ್ಲಿನಿಕ್ಕಿನ ನರ್ಸ್ ಕೆಲಸ ಹೋದ್ರೆ ಇಲ್ಲಿ ಇರ್ಲಿಕ್ಕೆ ಬೇಕಾದ ಇಕಾಮಾ ಹೋಯ್ತು, ಇಕಾಮಾ ಹೋದ್ರೆ ಇವಳ ಶಾಲೆ ಹೋಯ್ತು. ಅಳ್ಲಿಕ್ಕೆ ಪುರುಸೊತ್ತೆಲ್ಲಿ? ಫೋಟೋ ಸೂಟ್‌ಕೇಸಲ್ಲೇ ಇತ್ತು. ಹಾರ ಹಾಕಿದ್ರೆ ಹೋದದ್ದು ನಿಜ ಆಗ್ತದಲ್ಲ, ಅದಕ್ಕೆ ತೆಗೀಲಿಲ್ಲ. ಇವಳಿಗೆ ಎಂಟು, ಅಲ್ಲ, ಒಂಬತ್ತು ವರ್ಷ. ಒಂದು ದಿನವೂ ‘ಪಪ್ಪ’ ಅಂದವಳಲ್ಲ. ನಾನೂ ಮಾತೆತ್ತಿದವಳಲ್ಲ.

ಆಗ ಬಂತು ನೋಡಿ ಇಲ್ಲಿಯ ನಮ್ಮ ಕನ್ನಡ ಸಂಘದ ನಾಟಕ. ಗಂಡ ಸತ್ತ ಮೇಲೆ ಒಂದು ಮನೆ ಪಡುವ ಪಾಡು. ಅದರ ಡೈರೆಕ್ಟರ್ ಸದಾನಂದ ಫೋನ್ ಮಾಡಿ ಎಂತ ಹೇಳಿದ ಗೊತ್ತುಂಟಾ? “ಶಾಂತಕ್ಕ, ಹೆಂಡತಿ ಪಾರ್ಟು ನಿಮಗೇ. ನಿಮಗೆ ಅನುಭವ ಉಂಟಲ್ಲ!” ಅನುಭವ ಅಂತೆ! ಮಂಡೆ ಸರಿ ಉಂಟಾ ಅವನಿಗೆ? ಆದ್ರೆ ಅಜ್ಜ ಇಲ್ಲಿ ತೀರಿಕೊಂಡಾಗ ದೇಹ ಊರಿಗೆ ಕಳಿಸ್ಲಿಕ್ಕೆ ಕಾಗದಪತ್ರ ಹಿಡ್ಕೊಂಡು ಓಡಿದವನೂ ಅವನೇ. ಹೇಗೆ ಇಲ್ಲ ಅನ್ನೋದು? ಮತ್ತೆ, ಗೋಡೆಗೆ ಹಾರ ಹಾಕಿದ ಫೋಟೋ ಬೇಕು. ಬದುಕಿದ್ದವರು ಯಾರು ಕೊಡ್ತಾರೆ? ಒಬ್ಬರೂ ಕೊಡ್ಲಿಲ್ಲ. “ನಿನ್ನದೇ ಹಾಕು ಸದಾನಂದ” ಅಂದೆ. “ಅಯ್ಯೋ, ನನಗೆ ಬಿಪಿ ಉಂಟು ಶಾಂತಕ್ಕ!” ಕಡೆಗೆ ಎಲ್ಲರೂ ನನ್ನ ಮುಖ ನೋಡಿದ್ರು. “ಹೇಗೂ ನಿಮ್ಮವರು...” ಅಂತ ಎಳೆದ. ಹೇಗೂ! ಆ ಸಿಟ್ಟಲ್ಲೇ ಹೋಗಿ ಸೂಟ್‌ಕೇಸ್ ತೆಗ್ದೆ.

ನಾಟಕದ ಕೊನೇ ಸೀನು. ಹಾರ ಹಾಕಿ, “ನಾವು ಹೇಗಾದ್ರೂ ಬದುಕ್ತೇವೆ” ಅಂತ ಅಳ್ಬೇಕು, ಪರದೆ ಬೀಳ್ಬೇಕು. ಹಾರ ಹಾಕಿದೆ. ಆ ನಗುಮುಖ ನೋಡಿದೆ. ಅಳು ಬರ್ಲಿಲ್ಲ ಮಕ್ಳೇ, ಕೋಪ ಬಂತು! “ನಗ್ತೀರಾ? ಎದೆ ನೋಯ್ತದೆ ಅಂತ ಮನೆಯಲ್ಲಿರುವ ನರ್ಸಿಗೆ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ? ಚಾ ಅಂಗಡಿಯ ಭಾಯಿಗೆ ಹೇಳಿದ್ರಂತೆ! ನನಗೆ ಹೇಳ್ಲಿಲ್ಲ!” ಪರದೆ ಹಿಂದಿಂದ ಸದಾನಂದ, “ಡೈಲಾಗ್! ಶಾಂತಕ್ಕ, ಡೈಲಾಗ್!” ಅಷ್ಟರಲ್ಲಿ ಎದುರು ಸಾಲಿಂದ ಇವಳು, ನಿಮ್ಮ ಅಮ್ಮ, ಎದ್ದು ನಿಂತು ಕಿರುಚಿದ್ಳು, “ನನ್ನ ಸೈಕಲ್ ಎಲ್ಲಿ ಪಪ್ಪಾ? ಶುಕ್ರವಾರ ಅಂದದ್ದಲ್ವಾ? ಯಾವ ಶುಕ್ರವಾರ?” ಓಡಿ ಬಂದು ನನ್ನ ಸೀರೆ ಹಿಡಿದ್ಳು. ಇಬ್ಬರೂ ಅಲ್ಲೇ ಕೂತು ಗೊಳೋ ಅಂತ ಅತ್ತೆವು.

“ವಾಸ್ ಇಟ್ ರಿಯಲ್, ಅಜ್ಜಿ?”

ಕನ್ನಡದಲ್ಲಿ ಕೇಳು! ನಿಜ ಅಲ್ಲದೆ ಮತ್ತೆ? ಜನ ನಾಟಕ ಅಂತಲೇ ಚಪ್ಪಾಳೆ ಹೊಡೆದ್ರು. ಆ ಸದಾನಂದ ಬಂದು, “ಭಾರೀ ಲಾಯ್ಕ ಆಯ್ತು ಶಾಂತಕ್ಕ, ಮುಂದೆ ಫಹಾಹೀಲ್ ಕಡೆ ಆಗುವ ಶೋದಲ್ಲೂ ಮಗಳನ್ನು ಹೀಗೇ ಕರ್ಕೊಂಡು ಬನ್ನಿ” ಅಂದ! “ಖಲಾಸ್” ಅಂದೆ. ಫೋಟೋ, ಹಾರ ಎರಡೂ ಎತ್ಕೊಂಡು ಬಂದು ಈ ಗೋಡೆಗೆ ಹಾಕಿದ್ದು. ಹಾಗೆ, ಎಲ್ಲಿ ನೋವಾದ್ರೂ ಮೊದಲು ಮನೆಯವರಿಗೆ ಹೇಳ್ಬೇಕು, ಕೇಳಿತಾ? ಏಳಿ, ಅನ್ನ ತಣ್ಣಗಾಯ್ತು.